ಹಿರಿಯರನ್ನು ಹೊತ್ತು ಕುಣಿಯುವ ಹಬ್ಬ

ಮಡಗಾಸ್ಕರ್‌ನ ಎತ್ತರದ ಸೀಮೆ. ಗೋರಿಯ ಬಾಗಿಲು ತೆಗೆದು ಅಜ್ಜ, ಮುತ್ತಜ್ಜಿಯರ ದೇಹಗಳನ್ನ ಹೊರಗೆ ತರ್ತಿದ್ದಾರೆ. ಪಕ್ಕದಲ್ಲೇ ವಾದ್ಯದ ಅಬ್ಬರ!

ಇದು ಮೆರಿನಾ, ಬೆಟ್ಸಿಲಿಯೊ ಜನರ ಫಾಮದಿಹಾನಾ. ಸಾಮಾನ್ಯವಾಗಿ ಐದೇಳು ವರ್ಷಕ್ಕೊಮ್ಮೆ, ಮಳೆಯಿಲ್ಲದ ಚಳಿಗಾಲದಲ್ಲಿ ನಡೆಯುತ್ತೆ. ದೇಹಕ್ಕೆ ಹೊಸ ರೇಷ್ಮೆ ವಸ್ತ್ರ ಸುತ್ತುತ್ತಾರೆ. ಮನೆಯ ಸುದ್ದಿಯೆಲ್ಲ ಹೇಳ್ತಾರೆ. ಆಶೀರ್ವಾದ ಬೇಡ್ತಾರೆ. ಆಮೇಲೆ ಹೆಗಲ ಮೇಲೆ ಹೊತ್ತು ಕುಣೀತಾರೆ. ನಡುವೆ ಅಳುವವರೂ ಉಂಟು. ಇದರಲ್ಲಿ ಹೆದರುವಂಥದ್ದು ನನಗಂತೂ ಏನೂ ಕಾಣಲ್ಲ. ಕಾಣೋದು ಬಿಡಲಾರದ ಅಕ್ಕರೆ.

ಖರ್ಚು ಮಾತ್ರ ದೊಡ್ಡದು. ರೇಷ್ಮೆ, ವಾದ್ಯ, ಬಂದವರಿಗೆಲ್ಲ ಊಟ: ಎಷ್ಟೋ ಮನೆಗಳು ವರ್ಷಗಟ್ಟಲೆ ದುಡ್ಡು ಕೂಡಿಡುತ್ತವೆ.

2017ರಲ್ಲಿ ಪ್ಲೇಗ್ ಹರಡಿದಾಗ ಆರೋಗ್ಯ ಅಧಿಕಾರಿಗಳು ಈ ಆಚರಣೆಯ ಬಗ್ಗೆ ಎಚ್ಚರಿಸಿದರು. ಪ್ಲೇಗಿನಿಂದ ಸತ್ತವರನ್ನ ಮತ್ತೆ ತೆರೆಯುವ ಗೋರಿಯಲ್ಲಿ ಇಡುವಂತಿಲ್ಲ. ನಿಯಮ ಸರಿಯೇ. ಆದರೆ ತಮ್ಮವರು ಕುಟುಂಬದ ಗೋರಿ ಸೇರಲಿಲ್ಲ ಅನ್ನೋ ಸಂಕಟ ಆ ಮನೆಯವರಿಗೆ ಸಣ್ಣದಲ್ಲ.