ಬಟ್ಟೆ ರೆಕ್ಕೆಗೆ ಬಿಸಿಲಿನ ಲೆಕ್ಕ

ಅಲ್ಟ್ರಾಲೈಟ್ ವಿಮಾನದ ರೆಕ್ಕೆಗೆ ಸಾಮಾನ್ಯವಾಗಿ ಅಲ್ಯುಮಿನಿಯಂ ಕೊಳವೆಯೇ ಎಲುಬು, ಬಟ್ಟೆಯೇ ಚರ್ಮ. ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ಕಂಪನಿಯ ಎಕ್ಸ್-ಏರ್ ಇದಕ್ಕೆ ಒಳ್ಳೆಯ ಮಾದರಿ. ಫ್ರೆಂಚ್ ಮೂಲದ ಜೋಯೆಲ್ ಕೊಚ್ಲಿನ್ ಕಟ್ಟಿದ ಈ ಕಂಪನಿಯ ಇಬ್ಬರು ಕೂರುವ ವಿಮಾನಗಳು ಬ್ರಿಟನ್ನಿಗೂ ಹೋಗಿವೆ.

ರೆಕ್ಕೆಯ ಮುಂದಿನ ಅಂಚಿಗೊಂದು, ಹಿಂದಿನ ಅಂಚಿಗೊಂದು ಉದ್ದ ಕೊಳವೆ ಇರುತ್ತದೆ. ಎರಡನ್ನೂ ಅಡ್ಡ ಕೊಳವೆಗಳು ಹಿಡಿದಿಡುತ್ತವೆ. ಹಾಯಿದೋಣಿಯ ಪಟಕ್ಕೆ ಬಳಸುವ ಡೆಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆಯನ್ನು ದಿಂಬಿನ ಗವಸಿನಂತೆ ಹೊಲಿದು ಈ ಚೌಕಟ್ಟಿಗೆ ತೊಡಿಸುತ್ತಾರೆ. ಬಟ್ಟೆಯ ಜೇಬುಗಳಲ್ಲಿ ತೂರಿಸಿದ ಬ್ಯಾಟನ್ ಎಂಬ ಬಾಗಿದ ಕಡ್ಡಿಗಳು ಗಾಳಿ ಎತ್ತಬಲ್ಲ ಉಬ್ಬನ್ನು ಕೊಡುತ್ತವೆ. ಕೆಳಗಿನಿಂದ ಸ್ಟ್ರಟ್ ಎಂಬ ಓರೆ ಆಸರೆ. ಈ ವರ್ಗದ ವಿಮಾನದ ತೂಕ, ಜನ ಮತ್ತು ಇಂಧನ ಸೇರಿ, 450 ಕಿಲೋ ಆಸುಪಾಸು. ರೆಕ್ಕೆ ಇದರ 4 ಪಟ್ಟು, ಅಂದರೆ 1,800 ಕಿಲೋ ಭಾರ ತಾಳಬೇಕೆಂಬುದು ಬ್ರಿಟನ್ನಿನ ನಿಯಮ. ಆ ಭಾರವೆಲ್ಲ ಕೆಲವೇ ಬೋಲ್ಟುಗಳ ಮೂಲಕ ವಿಮಾನದ ಮೈಗೆ ದಾಟುತ್ತದೆ.

ಆದ್ದರಿಂದ ಹಾರಾಟಕ್ಕೆ ಮುಂಚಿನ ತಪಾಸಣೆ ರೆಕ್ಕೆಯ ಬುಡದ ಬೋಲ್ಟುಗಳಿಂದ ಶುರುವಾಗಿ, ತುದಿಯವರೆಗೆ ಹೋಗಿ, ಹಿಂದಿನ ಅಂಚಿನಗುಂಟ ಬುಡಕ್ಕೆ ಮರಳುತ್ತದೆ. ನಟ್ಟಿನಾಚೆ ಬೋಲ್ಟಿನ ಎಳೆ ಕಾಣಬೇಕು, ಸೇಫ್ಟಿ ಪಿನ್ ಸ್ವಸ್ಥಾನದಲ್ಲಿರಬೇಕು. ಕೊಳವೆಗೆ ಕಣ್ಣು ಹೊಂದಿಸಿ ಉದ್ದಕ್ಕೂ ನೋಡಿದರೆ ಸಣ್ಣ ಬಾಗೂ ಗೊತ್ತಾಗುತ್ತದೆ. ತುದಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದಾಗ ಬುಡದಲ್ಲಿ ಟಕ್ ಎಂದರೆ ತೂತು ಸವೆದಿದೆ ಅಥವಾ ಬೋಲ್ಟ್ ಸಡಿಲಾಗಿದೆ. ವಿಮಾನವನ್ನು ವಾಲಿಸುವ ಏಲೆರಾನ್ ಎಂಬ ಹಿಂದಂಚಿನ ರೆಪ್ಪೆಯ ಕೀಲು, ಅದರ ಕೇಬಲ್ಲಿನ ಬಿಗಿ, ಬ್ಯಾಟನ್ ಜೇಬಿನ ಹೊಲಿಗೆ, ನೀರು ಬಸಿಯುವ ರಂಧ್ರಗಳನ್ನೂ ನೋಡಬೇಕು.

ಲೋಹದ ಆಯಸ್ಸನ್ನು ಹಾರಿದ ಗಂಟೆಗಳಲ್ಲಿ ಎಣಿಸಬಹುದು. ಬಟ್ಟೆಗೆ ಆ ಲೆಕ್ಕ ಸಾಲದು. ಬಿಸಿಲಿನ ಅತಿನೇರಳೆ ಕಿರಣ ಪಾಲಿಯೆಸ್ಟರ್ ನೂಲಿನ ಕಸುವನ್ನು ತಿನ್ನುತ್ತದೆ. ವಿಮಾನ ಹಾರದೆ ಬಯಲಲ್ಲಿ ನಿಂತರೂ ರೆಕ್ಕೆಗೆ ವಯಸ್ಸಾಗುತ್ತದೆ. ಮೇಲ್ಮೈ ಬಟ್ಟೆ ಮೊದಲು ಸೋಲುತ್ತದೆ, ಹೊರಗೆ ಕಾಣುವ ಹೊಲಿಗೆ ದಾರ ಅದಕ್ಕೂ ಮುಂಚೆ ಸೋಲಬಹುದು. ಇದನ್ನು ಅಳೆಯಲು ಬೆಟ್ಸೋಮೀಟರ್ ಎಂಬ ಸ್ಪ್ರಿಂಗ್ ತಕ್ಕಡಿ ಇದೆ. ಅದರ ಸೂಜಿಯನ್ನು ಬಟ್ಟೆಗೆ ಚುಚ್ಚಿ, ತಯಾರಕರು ಹೇಳಿದ ಭಾರದಷ್ಟು ಪಕ್ಕಕ್ಕೆ ಎಳೆಯುತ್ತಾರೆ. ತೂತು ಹರಿದು ಉದ್ದವಾಗದಿದ್ದರೆ ಬಟ್ಟೆ ಪಾಸು. ಹಾಸು, ಹೊಕ್ಕು ಎರಡೂ ದಿಕ್ಕಿಗೆ, ಬಿಸಿಲು ಹೆಚ್ಚು ಬೀಳುವ ಕಡೆಯೇ ಈ ಪರೀಕ್ಷೆ ನಡೆಯಬೇಕು.

ಕಲಬುರಗಿ ಸೀಮೆಯಲ್ಲಿ ಈ ಮಾತಿಗೆ ತೂಕ ಹೆಚ್ಚು. ಸೇಡಂ ರಸ್ತೆಯ ಶ್ರೀನಿವಾಸ ಸರಡಗಿ ಬಳಿಯ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಆರಂಭವಾಯಿತು. 2021ರಲ್ಲಿ ಹಾರಾಟ ತರಬೇತಿ ಶಾಲೆಗಳಿಗೆ ಆಯ್ಕೆಯಾದ ಐದು ನಿಲ್ದಾಣಗಳಲ್ಲಿ ಇದೂ ಒಂದು. ಇಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊದಿಕೆ ಅಥವಾ ನೆರಳಿನ ಶೆಡ್ ಇಲ್ಲದೆ ಬಟ್ಟೆ ರೆಕ್ಕೆಯನ್ನು ನಿಲ್ಲಿಸುವಂತಿಲ್ಲ. ಸೇಡಂ, ವಾಡಿ, ಚಿತ್ತಾಪುರ, ಶಹಾಬಾದ್ ಸುತ್ತ ಸುಣ್ಣಕಲ್ಲಿನ ಗಣಿ, ಪರಸಿ ಪಾಲಿಶ್ ಯಂತ್ರ, ಸಿಮೆಂಟ್ ಕಾರ್ಖಾನೆಗಳಿವೆ. ಕಲ್ಲಿನ ಪುಡಿ ಬಟ್ಟೆಯನ್ನು ಉಜ್ಜಿ ಸವೆಸುತ್ತದೆ. ಸಿಮೆಂಟ್ ಧೂಳಿಗೆ ನೀರು ತಾಗಿದರೆ ಅದು ಕ್ಷಾರವಾಗಿ ಅಲ್ಯುಮಿನಿಯಂ, ಪಾಲಿಯೆಸ್ಟರ್ ಎರಡನ್ನೂ ಕೊರೆಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದು ಅತಿ ಕೆಟ್ಟ ವಿಧಾನ. ಮೊದಲು ಮೆತ್ತನೆ ಬ್ರಷ್ಷಿನಿಂದ ಧೂಳು ಕೊಡವಿ, ಬಳಿಕ ಧಾರಾಳ ನೀರು ಹರಿಸಿ ತೊಳೆದು, ನೆರಳಲ್ಲಿ ಒಣಗಿಸಬೇಕು. ಚಿಂಚೋಳಿ ಕಡೆಯ ಮಳೆಗಾಲದ ತೇವಕ್ಕೆ ಉಕ್ಕಿನ ಬೋಲ್ಟ್ ಅಲ್ಯುಮಿನಿಯಂಗೆ ತಾಗುವಲ್ಲಿ ಬಿಳಿ ಪುಡಿ ಏಳುತ್ತದೆ. ಅದು ಲೋಹ ಕೊರೆತದ ಗುರುತು. ತೊಗರಿ ಹೊಲದಂಚಿನ ಶೆಡ್ಡಿನಲ್ಲಿ ಇಲಿ ರೆಕ್ಕೆಯೊಳಗೆ ಗೂಡು ಕಟ್ಟಿದರೆ ಅದರ ಮೂತ್ರವೂ ಅದೇ ಹಾನಿ ಮಾಡುತ್ತದೆ.

ಎಲ್ಲ ಹಗುರ ವಿಮಾನಗಳಿಗೂ ಬಟ್ಟೆ ರೆಕ್ಕೆಯಿಲ್ಲ. 2015ರಲ್ಲಿ ವಾಯುಪಡೆ, ನೌಕಾಪಡೆ, ಎನ್‌ಸಿಸಿಗಳಿಗೆಂದು ಒಪ್ಪಂದವಾದ 194 ಪಿಪಿಸ್ಟ್ರೆಲ್ ವೈರಸ್ ವಿಮಾನಗಳ ರೆಕ್ಕೆ ನಾರು ಮತ್ತು ರಾಳದ ಕಾಂಪೊಸಿಟ್. ಅದರ ಮೇಲೆ ನಾಣ್ಯದಿಂದ ಮೆಲ್ಲಗೆ ತಟ್ಟುತ್ತ ಹೋಗುತ್ತಾರೆ. ಗಟ್ಟಿ ಜಾಗ ಸ್ಪಷ್ಟವಾಗಿ ಟಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ದನಿ ಮಂಕಾಗುತ್ತದೆ.

ದುರಸ್ತಿಗೂ ಮಿತಿಯಿದೆ. ಸಣ್ಣ ಹರುಕಿಗೆ ತೇಪೆ ಸಾಕು, ಪರೀಕ್ಷೆಯಲ್ಲಿ ಸೋತ ಬಟ್ಟೆಗೆ ಹೊಸ ಗವಸೇ ಬೇಕು. ಬಾಗಿದ ಮುಖ್ಯ ಕೊಳವೆಯನ್ನು ನೆಟ್ಟಗೆ ಮಾಡಿ ಮತ್ತೆ ಬಳಸುವುದಿಲ್ಲ, ಬದಲಿಸುತ್ತಾರೆ. ಬೆರಳಲ್ಲೇ ತಿರುಗುವಷ್ಟು ಸಡಿಲಾದ ನೈಲಾಕ್ ಎಂಬ ನೈಲಾನ್ ಬಳೆಯ ನಟ್ಟನ್ನು ಎಸೆಯಬೇಕು. ಹಾಗೆಂದು ಅತಿಯಾಗಿ ಬಿಗಿದರೆ ಕೊಳವೆ ಚಪ್ಪಟೆಯಾಗುತ್ತದೆ. ಮಾಡಿದ ಕೆಲಸ, ಬಟ್ಟೆ ಪರೀಕ್ಷೆಯ ದಿನಾಂಕ, ಬಯಲಲ್ಲಿ ನಿಂತ ಕಾಲ ಲಾಗ್ ಪುಸ್ತಕದಲ್ಲಿರಬೇಕು. ಬಿಚ್ಚಿ ಜೋಡಿಸಿದ ರೆಕ್ಕೆಯನ್ನು ಜೋಡಿಸಿದವರಲ್ಲದೆ ಇನ್ನೊಬ್ಬರೂ ಪರೀಕ್ಷಿಸಬೇಕು: ಪೈಲಟ್ ಹಿಡಿಯುವ ನಿಯಂತ್ರಣ ಕೋಲನ್ನು ಎಡಕ್ಕೆ ವಾಲಿಸಿದಾಗ ಎಡ ಏಲೆರಾನ್ ಮೇಲೇಳಬೇಕು, ಬಲದ್ದು ಕೆಳಗಿಳಿಯಬೇಕು.