ಹಳ್ಳಿಯ ಕೊಟ್ಟಿಗೆಯಲ್ಲಿ ಪಶುವೈದ್ಯ ವಿದ್ಯಾರ್ಥಿಗಳ ಪ್ರತ್ಯಕ್ಷ ಶಿಕ್ಷಣ

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯನ್ನು ದಸರೆಯ ಗಜಪಯಣ ಹೊರಡುವ ಸ್ಥಳವೆಂದು ನಾಡೆಲ್ಲವೂ ಬಲ್ಲುದು. ಆನೆಗಳನ್ನು ನೋಡಬಂದವರು ಅಲ್ಲಿಯ ದನಗಳ ಕಡೆ ಕಣ್ಣೆತ್ತುವುದು ಅಪರೂಪ. ಊರು ನಾಗರಹೊಳೆ ಅರಣ್ಯದ ಬಾಗಿಲಿನಲ್ಲಿರುವುದರಿಂದ, ದನಗಳ ರೋಗವು ಕಾಟಿಗಳಿಗೂ ಕಾಡಿನ ರೋಗವು ಕೊಟ್ಟಿಗೆಗೂ ದಾಟಬಲ್ಲುದು. 1968ರಲ್ಲಿ ಬಂಡೀಪುರ, ಮುದುಮಲೆ ಕಾಡುಗಳ ಕಾಟಿಗಳು ದೊಡ್ಡರೋಗಕ್ಕೆ ತುತ್ತಾದುವು. ಆ ರೋಗವು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ಲಸಿಕೆ ಹಾಕಬಲ್ಲ ಕೈಗಳು ಊರೂರಿಗೂ ಹೋಗದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಅಂಥ ಕೈಗಳನ್ನು ಸಿದ್ಧಪಡಿಸುವ ಕೆಲಸವು ಪಾಠದ ಕೊಠಡಿಯಲ್ಲಿ ಪೂರೈಸತಕ್ಕದ್ದಲ್ಲ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯಕ್ಕೆ ಸೇರಿದ ಪಾಲಿಟೆಕ್ನಿಕ್‌ಗಳಲ್ಲಿ ಪಶುಸಂಗೋಪನೆಯ ಡಿಪ್ಲೊಮಾ ಶಿಕ್ಷಣವಿದೆ. ಆದರೆ ಫಾರಮಿನ ಹಸುಗಳು ಹಲವು ಕೈಗಳಿಗೆ ಪಳಗಿದಂಥವು. ಹಳ್ಳಿಕಾರ್ ಎತ್ತಾದರೋ ಅಪರಿಚಿತನನ್ನು ಕಂಡೊಡನೆಯೇ ಕೊಂಬು ತಿರುಗಿಸುವುದು. ಆದಕಾರಣ ವಿದ್ಯಾರ್ಥಿಗಳು ರೈತರ ಕೊಟ್ಟಿಗೆಗೇ ಬರಬೇಕಾಗುವುದು.

'ಹುಡುಗರ ಪ್ರಯೋಗಕ್ಕೆ ನಮ್ಮ ರಾಸೇ ಏಕೆ?' ಎಂದು ಯಜಮಾನರು ಕೇಳುವುದು ಅನ್ಯಾಯವಲ್ಲ. 1984ರ ಪಶುವೈದ್ಯ ಪರಿಷತ್ತಿನ ಕಾಯಿದೆಯಂತೆ, ಡಿಪ್ಲೊಮಾ ಪಡೆದವರೂ ಸಹ ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣ ಚಿಕಿತ್ಸೆಗಳನ್ನು ಮಾತ್ರ ಮಾಡತಕ್ಕದ್ದು. ಹೀಗಿರುವಾಗ, ವೈದ್ಯರಿಲ್ಲದೆ ಬರಿಯ ವಿದ್ಯಾರ್ಥಿಗಳ ಗುಂಪು ಬಂದರೆ ಕೊಟ್ಟಿಗೆಯ ಬಾಗಿಲು ತೆರೆಯದಿರುವುದೇ ಸರಿ.

ಮೊದಲು ಕಲಿಯತಕ್ಕದ್ದು ಸೂಜಿ ಚುಚ್ಚುವುದನ್ನಲ್ಲ, ನೋಡುವುದನ್ನು. ಮೆಲುಕು ಹಾಕುತ್ತಿದೆಯೇ, ಮೂತಿ ಒದ್ದೆಯಾಗಿದೆಯೇ, ಸಗಣಿ ಹೇಗಿದೆ ಎಂಬುದನ್ನು ಗಮನಿಸಬೇಕು. ಎಡಪಕ್ಕೆಯ ಕೊನೆಯ ಎಲುಬಿನ ಹಿಂದಿನ ಕುಳಿಯಲ್ಲಿ ಮುಷ್ಟಿಯನ್ನೊತ್ತಿ ಹಿಡಿದರೆ, ಆರೋಗ್ಯವಾದ ರಾಸಿನ ಹೊಟ್ಟೆಯು ಎರಡು ನಿಮಿಷಕ್ಕೆ ಎರಡು ಮೂರು ಸಾರಿ ಉಬ್ಬಿ ಇಳಿಯುವುದು ಕೈಗೆ ತಿಳಿಯುವುದು. ಇದನ್ನು ಪುಸ್ತಕದಲ್ಲಿ ಹತ್ತು ಸಲ ಓದಿದರೂ ಪ್ರಯೋಜನವಿಲ್ಲ. ಮೈಶಾಖವು ಸುಮಾರು 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಇರತಕ್ಕದ್ದು; ಬಿಸಿಲಿನಲ್ಲಿ ಉತ್ತು ಬಂದ ಎತ್ತಿನಲ್ಲಿ ಹೆಚ್ಚಾಗಿ ಕಾಣುವುದರಿಂದ, ಅದನ್ನು ನೆರಳಿನಲ್ಲಿ ಕಟ್ಟಿ ದಣಿವಾರಿದ ಮೇಲೆ ನೋಡಬೇಕು. ಇವುಗಳಿಂದ ರಾಸಿಗೆ ಯಾವ ಹಾನಿಯೂ ಇಲ್ಲ.

ಎತ್ತನ್ನು ಹಗ್ಗ ಹಾಕಿ ಕೆಡವುವುದಾದರೆ ಹುಲ್ಲು ಹಾಸಿದ ಮೆತ್ತನೆಯ ನೆಲವೇ ಬೇಕು. ಗಬ್ಬದ ಹಸುವನ್ನು ಕೆಡವಗೊಡಬಾರದು. ಗರ್ಭಪರೀಕ್ಷೆಯ ಅಭ್ಯಾಸಕ್ಕೆಂದು ಒಂದೇ ಹಸುವಿಗೆ ಸಾಲುಗಟ್ಟಿ ಹತ್ತು ಮಂದಿ ಕೈಹಾಕುವುದನ್ನು ಯಜಮಾನರು ನಿಸ್ಸಂಕೋಚವಾಗಿ ತಡೆಯಬಹುದು.

ಕಾಲುಬಾಯಿ ರೋಗದ ಲಸಿಕೆ ಹಾಕುವ ದಿನವೇ ಕಲಿಕೆಗೆ ಅತ್ಯುತ್ತಮವಾದುದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಂತೆ ಇದನ್ನು ಆರು ತಿಂಗಳಿಗೊಮ್ಮೆ ಹಾಕುವರು. ಊರಿನ ರಾಸುಗಳೆಲ್ಲ ಒಂದೆಡೆ ಸೇರುವುದರಿಂದ, ದನ ಹಿಡಿಯುವುದು, ಕಿವಿಯೋಲೆಯ ಸಂಖ್ಯೆ ಬರೆದುಕೊಳ್ಳುವುದು, ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕಾಪಾಡುವುದು ಎಲ್ಲವೂ ಅಭ್ಯಾಸವಾಗುವುದು. ಐಸ್ ಪೆಟ್ಟಿಗೆಯನ್ನು ಬಿಸಿಲಿನಲ್ಲಿಟ್ಟಿರುವುದು ಕಂಡರೆ ಯಜಮಾನರು ಆಗಲೇ ಕೇಳಬೇಕು. ಕೆಟ್ಟ ಲಸಿಕೆಗೂ ಒಳ್ಳೆಯ ಲಸಿಕೆಗೂ ನೋಟದಲ್ಲಿ ಭೇದ ಕಾಣದಿರಬಹುದು.

ಕಂದುರೋಗದ ಲಸಿಕೆಯ ವಿಷಯ ಬೇರೆ. ಅದನ್ನು ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಮಾತ್ರ ಒಮ್ಮೆ ಹಾಕುವರು. ಅದರಲ್ಲಿ ಜೀವಂತ ರೋಗಾಣುಗಳಿರುವುದರಿಂದ, ಸೂಜಿ ತಪ್ಪಿ ಮನುಷ್ಯನಿಗೆ ಚುಚ್ಚಿದರೆ ರೋಗ ಬರಬಹುದು. ಆ ಸೂಜಿಯನ್ನು ನುರಿತವರೇ ಹಿಡಿಯಲಿ. ವಿದ್ಯಾರ್ಥಿಯು ಕೈಗವಸು ತೊಟ್ಟು ಕರುವನ್ನು ಹಿಡಿದುಕೊಂಡು ನೋಡಲಿ. ಯಾರಿಗಾದರೂ ಚುಚ್ಚಿದರೆ ಒಡನೆಯೇ ಸೋಪು ನೀರಿನಿಂದ ತೊಳೆದು, ಅದೇ ದಿನ ವೈದ್ಯರಲ್ಲಿಗೆ ಹೋಗಿ ಲಸಿಕೆಯ ಹೆಸರನ್ನು ತಿಳಿಸತಕ್ಕದ್ದು.