ಸಾಮೂಹಿಕ ಕೈತೋಟ ಮತ್ತು ಮಿತ ನೀರಿನ ತರಕಾರಿ ಬೇಸಾಯ: ಮಾಣಿಕನಗರ, ಹುಮನಾಬಾದ್ ಹಾಗೂ ಬಸವಕಲ್ಯಾಣ ಭಾಗದ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಶಾಲೆ, ಅಂಗನವಾಡಿ, ಸಮುದಾಯ ಭವನ ಮುಂತಾದ ಸಾರ್ವಜನಿಕ ಆವರಣಗಳ ಖಾಲಿ ಜಾಗದಲ್ಲಿ ಸ್ಥಳೀಯರು ಸ್ವಯಂಪ್ರೇರಣೆಯಿಂದ ಕೂಡಿ ತರಕಾರಿ ಬೆಳೆದು ಹಂಚಿಕೊಳ್ಳುವ ವ್ಯವಸ್ಥೆಯನ್ನು ಸಾಮೂಹಿಕ ಕೈತೋಟ ಎನ್ನಲಾಗುತ್ತದೆ. ರಾಜ್ಯದಲ್ಲಿ ಅಕ್ಷರ ದಾಸೋಹ ಯೋಜನೆಯು 2002ರಲ್ಲಿ ಮೊದಲು ಜಾರಿಗೆ ಬಂದ ಜಿಲ್ಲೆಗಳಲ್ಲಿ ಬೀದರ್ ಸಹ ಒಂದು. ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಬೆಳೆಸುವ ಕುರಿತು ಕೇಂದ್ರ ಸರ್ಕಾರವು 2019ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದುದರಿಂದ ಇಂತಹ ತೋಟಗಳಿಗೆ ಮುಂದೆ ಬರುವವರಿಗೆ ದಾರಿ ಹೊಸದೇನಲ್ಲ.

ಆದರೆ ಮುಂಗಾರಿನಲ್ಲಿ ಉತ್ಸಾಹದಿಂದ ಆರಂಭವಾದ ತೋಟವು ಬೇಸಿಗೆಯಲ್ಲಿ ಒಣಗಿದರೆ ಜನರ ಶ್ರಮ ವ್ಯರ್ಥವಾಗುತ್ತದೆ. ಅದನ್ನು ಉಳಿಸಿಕೊಳ್ಳಲು ಕುಡಿಯುವ ನೀರನ್ನು ಬಳಸಿದರೆ ಊರಿನಲ್ಲಿ ವಿರಸ ಉಂಟಾಗುತ್ತದೆ. ಜಾಗ ಎಷ್ಟಿದೆಯೋ ಅಷ್ಟಕ್ಕೂ ಪಾತಿ ಹಾಕುವುದೇ ಇದಕ್ಕೆ ಮುಖ್ಯ ಕಾರಣ. ಪಾತಿಯ ಅಳತೆಯನ್ನು ಜಾಗವಲ್ಲ, ಲಭ್ಯವಿರುವ ನೀರು ನಿರ್ಧರಿಸಬೇಕು. ಆ ಲೆಕ್ಕವನ್ನು ಹೇಗೆ ಮಾಡಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈ ಭಾಗದ ನೀರು ಮತ್ತು ಮಣ್ಣು

ಬೀದರ್ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 850 ಮಿ.ಮೀ. ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಉಳಿದ ಎಂಟು ತಿಂಗಳು ಸಂಗ್ರಹಿಸಿದ ನೀರನ್ನು ಅಥವಾ ಬಾವಿ, ಕೊಳವೆಬಾವಿಗಳನ್ನು ಅವಲಂಬಿಸಬೇಕಾಗುತ್ತದೆ. ಈ ಜಿಲ್ಲೆಯ ಮೂಲಕ ಹರಿಯುವ ಮಾಂಜ್ರಾ ನದಿಯ ಮೇಲ್ಭಾಗದ ಜಲಾಶಯ ಬತ್ತಿದಾಗ, ನೆರೆಯ ಲಾತೂರಿಗೆ 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ರೈಲಿನಲ್ಲಿ ನೀರು ತರಿಸಬೇಕಾಯಿತು. ಬರದ ವರ್ಷದಲ್ಲಿ ಕೈತೋಟಕ್ಕೆ ಹೊಸ ನೀರು ಸಿಗದೆಂದು ಮೊದಲೇ ತಿಳಿದು ಯೋಜನೆ ಮಾಡುವುದು ಸೂಕ್ತ.

ಇಲ್ಲಿ ಎರಡು ಬಗೆಯ ಮಣ್ಣು ಮುಖ್ಯವಾಗಿ ಕಂಡುಬರುತ್ತದೆ. ಎತ್ತರದ ಬಯಲಿನಲ್ಲಿ ಕೆಂಪು ಜಂಬಿಟ್ಟಿಗೆ ಮಣ್ಣು, ತಗ್ಗಿನಲ್ಲಿ ಎರೆ ಮಣ್ಣು ಇರುತ್ತದೆ. ಜಂಬಿಟ್ಟಿಗೆಯು ನೀರನ್ನು ಬೇಗನೆ ಕೆಳಗೆ ಇಳಿಸುತ್ತದೆ. ಹೀಗೆ ಇಳಿದು ಕೆಳಗಿನ ಕರಿಕಲ್ಲಿನ ಪದರದ ಮೇಲೆ ನಿಲ್ಲುವ ನೀರನ್ನು ಸುರಂಗದ ಮೂಲಕ ಹೊರತರಲು ಬಹಮನಿ ಅರಸರ ಕಾಲದಲ್ಲಿ ಬೀದರಿನ ನೌಬಾದ್ ಬಳಿ ಕರೇಜ್ ನಿರ್ಮಿಸಲಾಯಿತು. ಆದರೆ ತರಕಾರಿ ಗಿಡದ ಬೇರು ಅಷ್ಟು ಆಳಕ್ಕೆ ಹೋಗುವುದಿಲ್ಲ. ಆದುದರಿಂದ ಜಂಬಿಟ್ಟಿಗೆ ಮಣ್ಣಿನಲ್ಲಿ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರವನ್ನು ಧಾರಾಳವಾಗಿ ಸೇರಿಸಿ, ನೆಲಮಟ್ಟಕ್ಕಿಂತ ಸ್ವಲ್ಪ ತಗ್ಗಾದ ಪಾತಿ ಮಾಡಿ, ಆಗಾಗ್ಗೆ ಸ್ವಲ್ಪಸ್ವಲ್ಪ ನೀರು ಕೊಡಬೇಕು. ಎರೆ ಮಣ್ಣು ನೀರನ್ನು ಹಿಡಿದಿಡುತ್ತದೆ, ಆದರೆ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುವ ಸಂಭವವಿದೆ. ಅಲ್ಲಿ ಏರುಮಡಿ ಮಾಡಿ, ಹೆಚ್ಚಿನ ಅಂತರದಲ್ಲಿ ನೀರುಣಿಸಬೇಕು.

ನೀರಿನ ಲೆಕ್ಕ

ಒಂದು ಚದರ ಮೀಟರ್ ತರಕಾರಿ ಪಾತಿಗೆ ಚಳಿಗಾಲದಲ್ಲಿ ದಿನಕ್ಕೆ ಸುಮಾರು 4 ಲೀಟರ್, ಬೇಸಿಗೆಯಲ್ಲಿ ಸುಮಾರು 7 ಲೀಟರ್ ನೀರು ಬೇಕೆಂದು ಅಂದಾಜು ಮಾಡಿಕೊಳ್ಳಬಹುದು. ಉದಾಹರಣೆಗೆ, ಬಿಸಿಯೂಟದ ವೇಳೆ ಕೈ ಮತ್ತು ತಟ್ಟೆ ತೊಳೆಯಲು 50 ಮಕ್ಕಳು ತಲಾ 2 ಲೀಟರ್ ಬಳಸಿದರೆ ದಿನಕ್ಕೆ 100 ಲೀಟರ್ ನೀರು ದೊರೆಯುತ್ತದೆ. ಇದು ಚಳಿಗಾಲದಲ್ಲಿ 25 ಚದರ ಮೀಟರ್ ಪಾತಿಗೆ ಸಾಕು. ಬೇಸಿಗೆಯಲ್ಲಿ ಅದೇ ನೀರು 14 ಚದರ ಮೀಟರ್‌ಗೆ ಮಾತ್ರ ಸಾಲುತ್ತದೆ. ಬೇಸಿಗೆ ರಜೆಯಲ್ಲಿ ಮಕ್ಕಳೂ ಇರುವುದಿಲ್ಲ, ಕೈ ತೊಳೆದ ನೀರೂ ಇರುವುದಿಲ್ಲ. ಆದ್ದರಿಂದ ಶಾಲಾ ತೋಟದ ಬೆಳೆಯು ಮಾರ್ಚ್ ಅಂತ್ಯಕ್ಕೆ ಮುಗಿಯುವಂತೆ ಬಿತ್ತನೆ ಮಾಡುವುದು ಉತ್ತಮ.

ಮಳೆನೀರಿನ ಲೆಕ್ಕವೂ ಸರಳ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರಾಗುತ್ತದೆ. 100 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 850 ಮಿ.ಮೀ. ಮಳೆಯಾಗಿ ಅದರಲ್ಲಿ ಶೇಕಡ 80ರಷ್ಟು ದೊರೆತರೆ 68,000 ಲೀಟರ್ ಆಗುತ್ತದೆ. ಆದರೆ ಅದನ್ನು ಹಿಡಿದಿಡಲು 5,000 ಲೀಟರ್ ತೊಟ್ಟಿ ಮಾತ್ರ ಇದ್ದಲ್ಲಿ, ಮಳೆ ನಿಂತ ನಂತರ ದಿನಕ್ಕೆ 100 ಲೀಟರ್‌ನಂತೆ 50 ದಿನಗಳಿಗಷ್ಟೇ ನೀರು ಬರುತ್ತದೆ. ಆದುದರಿಂದ ಮಳೆಯ ಪ್ರಮಾಣಕ್ಕಿಂತ ತೊಟ್ಟಿಯ ಅಳತೆಯನ್ನು ಮೊದಲು ಗಮನಿಸಬೇಕು.

ನೀರು ಉಳಿಸುವ ಕ್ರಮಗಳು

1. ಪಾತಿಯ ಮೇಲೆ ತೊಗರಿ ಹೊಟ್ಟು, ಒಣ ಎಲೆ ಅಥವಾ ಹುಲ್ಲನ್ನು ಎರಡು ಮೂರು ಅಂಗುಲ ದಪ್ಪ ಹೊದಿಸಬೇಕು. ಬಿಸಿಲಿಗೆ ತೇವ ಆರುವುದು ಕಡಿಮೆಯಾಗುತ್ತದೆ.
2. ಬಳ್ಳಿ ತರಕಾರಿಗಳಿಗೆ ಸುಟ್ಟ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂಳಿ, ನೀರು ತುಂಬಿ, ಬಾಯಿ ಮುಚ್ಚಬೇಕು. ನೀರು ನಿಧಾನವಾಗಿ ಒಸರಿ ಬೇರಿಗೆ ತಲುಪುತ್ತದೆ. ಬಣ್ಣ ಬಳಿದ ಮಡಕೆ ಇದಕ್ಕೆ ಉಪಯುಕ್ತವಲ್ಲ.
3. ಮುಂಜಾನೆ ಅಥವಾ ಸಂಜೆ ಮಾತ್ರ, ಗಿಡದ ಬುಡಕ್ಕೆ ನೀರು ಹಾಕಬೇಕು.
4. ಕೈ ಮತ್ತು ಪಾತ್ರೆ ತೊಳೆದ ನೀರನ್ನು ಜಾಲರಿ ಹಾಗೂ ಜಲ್ಲಿ, ಮರಳಿನ ಗುಂಡಿಯ ಮೂಲಕ ಹಾಯಿಸಿ, ಅದೇ ದಿನ ಬಳಸಬೇಕು. ಇದನ್ನು ಹಸಿಯಾಗಿ ತಿನ್ನುವ ಸೊಪ್ಪು, ಗೆಡ್ಡೆಗಳಿಗೆ ಹಾಕಬಾರದು. ಶೌಚಾಲಯದ ನೀರನ್ನು ಯಾವ ಕಾರಣಕ್ಕೂ ಬಳಸಬಾರದು.

ಬೆಳೆಗಳ ಆಯ್ಕೆ

ಮುಂಗಾರಿನಲ್ಲಿ ಪುಂಡಿಪಲ್ಯೆ, ಬೆಂಡೆ, ಚವಳಿಕಾಯಿ, ಅಲಸಂದೆ, ಹೀರೆ ಮತ್ತು ಹಾಗಲ ಸೂಕ್ತ. ಇವುಗಳಲ್ಲಿ ಚವಳಿಕಾಯಿ ಮತ್ತು ಅಲಸಂದೆ ನೀರಿನ ಕೊರತೆಯನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ಹಿಂಗಾರಿನಲ್ಲಿ ಮೆಂತೆ, ಪಾಲಕ, ಸಬ್ಬಸಿಗೆ, ಕೊತ್ತಂಬರಿ ಹಾಗೂ ಮೂಲಂಗಿ ಬೆಳೆಯಬಹುದು. ನವೆಂಬರ್ ಮೊದಲ ವಾರದಲ್ಲಿ ಬಿತ್ತಿದ ಮೆಂತೆಯು ಸುಮಾರು ಒಂದು ತಿಂಗಳಲ್ಲಿ, ಅಂದರೆ ಮಾಣಿಕನಗರದ ದತ್ತ ಜಯಂತಿ ಜಾತ್ರೆಯ ಆಸುಪಾಸಿನಲ್ಲಿ ಕೊಯ್ಲಿಗೆ ಬರುತ್ತದೆ. ಆವರಣದ ಅಂಚಿನಲ್ಲಿ ನುಗ್ಗೆ, ಕರಿಬೇವು ನೆಟ್ಟರೆ, ಬೇರೂರಿದ ನಂತರ ಪಾತಿಗಳು ಖಾಲಿಯಿರುವ ಬೇಸಿಗೆಯಲ್ಲಿಯೂ ಕಡಿಮೆ ನೀರಿನಲ್ಲಿ ಸೊಪ್ಪು ದೊರೆಯುತ್ತದೆ.

ಸ್ವಯಂಸೇವಕರ ಗುಂಪು

ಹುಮನಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿರುವ ಜಹೀರಾಬಾದ್ ಸುತ್ತಲಿನ ಗ್ರಾಮಗಳಲ್ಲಿ, 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಮಳೆಯಾಶ್ರಿತ ಬೇಸಾಯವನ್ನು ಒಗ್ಗಟ್ಟಿನಿಂದ ನಡೆಸಿ, ಮನೆಗಳಲ್ಲಿಯೇ ಬೀಜ ಕಾಪಾಡಿಕೊಂಡು ಬಂದಿವೆ. ಈ ಕಾರ್ಯಕ್ಕೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ದೊರೆತಿದೆ. ಕೈತೋಟದ ಗುಂಪುಗಳೂ ಪ್ರತಿ ಬೆಳೆಯ ಉತ್ತಮ ಗಿಡಗಳಲ್ಲಿ ಒಂದೆರಡನ್ನು ಬೀಜಕ್ಕಾಗಿ ಬಿಟ್ಟರೆ ಮುಂದಿನ ವರ್ಷದ ಖರ್ಚು ಉಳಿಯುತ್ತದೆ. ಹೈಬ್ರಿಡ್ ತಳಿಗಳ ಬೀಜ ಇದಕ್ಕೆ ಹೊಂದುವುದಿಲ್ಲ.

ಗುಂಪು ರಚಿಸುವಾಗ ನೀರು ಹಾಕುವ ಸರದಿ, ರಜಾ ದಿನಗಳ ಹೊಣೆ ಹಾಗೂ ಫಸಲಿನ ಹಂಚಿಕೆಯನ್ನು ಆರಂಭದಲ್ಲಿಯೇ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಪಡೆಯಬೇಕು. ಶಾಲಾ ತೋಟದ ಫಸಲಿನಲ್ಲಿ ಮೊದಲ ಪಾಲು ಮಕ್ಕಳ ಊಟಕ್ಕೆ ಸಲ್ಲುವಂತೆ ನೋಡಿಕೊಳ್ಳಬೇಕು.

ಅನುಮತಿ ಮತ್ತು ಮಾರ್ಗದರ್ಶನ

ಸಾರ್ವಜನಿಕ ಜಾಗದಲ್ಲಿ ಪಾತಿ ಹಾಕುವ ಮುನ್ನ ಲಿಖಿತ ಅನುಮತಿ ಪಡೆಯುವುದು ಅವಶ್ಯಕ. ಅನುಮತಿಯಿಲ್ಲದ ತೋಟವನ್ನು ಕಟ್ಟಡ ಅಥವಾ ಇತರ ಕಾಮಗಾರಿಗಾಗಿ ತೆರವುಗೊಳಿಸಿದಲ್ಲಿ ಆಕ್ಷೇಪಿಸಲು ಆಧಾರವಿರುವುದಿಲ್ಲ.

- ಶಾಲಾ ಆವರಣ: ಮುಖ್ಯೋಪಾಧ್ಯಾಯರು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ
- ಅಂಗನವಾಡಿ: ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿ
- ಗ್ರಾಮದ ಇತರ ಸಾರ್ವಜನಿಕ ಜಾಗ: ಪಂಚಾಯತಿ ಅಭಿವೃದ್ಧಿ ಅಧಿಕಾರಿ
- ಪಟ್ಟಣ ಪ್ರದೇಶ: ಸಂಬಂಧಪಟ್ಟ ನಗರ ಸ್ಥಳೀಯ ಸಂಸ್ಥೆ

ಅರ್ಜಿಯಲ್ಲಿ ಜಾಗದ ಅಳತೆ, ನೀರಿನ ಮೂಲ, ದಿನಕ್ಕೆ ದೊರೆಯುವ ನೀರಿನ ಪ್ರಮಾಣ, ಸದಸ್ಯರ ಹೆಸರು ಮತ್ತು ತೋಟದ ಅವಧಿಯನ್ನು ನಮೂದಿಸಿ, ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆದುಕೊಳ್ಳಬೇಕು. ಕುಡಿಯುವ ನೀರಿನ ಸಂಪರ್ಕದಿಂದ ತೋಟಕ್ಕೆ ನೀರು ಪಡೆಯುವುದಿಲ್ಲವೆಂದು ಅರ್ಜಿಯಲ್ಲಿಯೇ ತಿಳಿಸಿದಲ್ಲಿ ಗ್ರಾಮಸ್ಥರ ಸಹಮತ ದೊರೆಯುವುದು ಸುಲಭವಾಗುತ್ತದೆ.

ತಳಿ, ಬೀಜ ಹಾಗೂ ಜಾರಿಯಲ್ಲಿರುವ ಸೌಲಭ್ಯಗಳ ಮಾಹಿತಿಗೆ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು, ಮಣ್ಣು ಪರೀಕ್ಷೆ ಹಾಗೂ ತಾಂತ್ರಿಕ ಸಲಹೆಗೆ ಬೀದರಿನ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಸಾರ್ವಜನಿಕರು ಮೊದಲ ವರ್ಷ ಲಭ್ಯ ನೀರಿಗೆ ತಕ್ಕಷ್ಟು ಚಿಕ್ಕ ಪಾತಿಯಿಂದಲೇ ಆರಂಭಿಸಿ, ಒಂದು ಬೇಸಿಗೆಯ ಅನುಭವದ ನಂತರ ತೋಟವನ್ನು ವಿಸ್ತರಿಸಬೇಕೆಂದು ಕೋರಲಾಗಿದೆ.